ಅವ್ವನ ಬೊಂಬೆಯ ಜಡೆ

ನರಿಸ್ಸಾ ಕೆತ್ತಿದ ಬೊಂಬೆ ಮುರಿಯುವುದಿಲ್ಲ ಎಂದು ನಮ್ಮ ದ್ವೀಪದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನರಿಸ್ಸಾ ಎಂದರೆ ನಾನೇ. ಬಹಳ ಕಾಲ ಅದನ್ನು ಹೊಗಳಿಕೆ ಎಂದುಕೊಂಡು ಬೀಗುತ್ತಿದ್ದೆ. ಅವರು ಹೇಳುತ್ತಿದ್ದದ್ದು ದೂರು.

ಬೊಂಬೆ ಮುರಿಯಲೇಬೇಕಲ್ಲ! ನಮ್ಮಲ್ಲಿ ಕೈಕಟ್ಟಿ ನಿಂತ ಬಿಳಿಗಲ್ಲಿನ ಬೊಂಬೆಯೊಂದನ್ನು ಮಗಳು ಹೆತ್ತವಳಿಗೆ ಕೊಡುತ್ತಾಳೆ. ಹಬ್ಬ ಬಂದಾಗಲೆಲ್ಲ ತಾಯಿ ಅದಕ್ಕೆ ಕಣ್ಣು, ಕೂದಲು ಬರೆದುಕೊಳ್ಳುತ್ತಾಳೆ. ಅವಳು ಸತ್ತ ದಿನ ಮನೆಯ ಹಿರಿಯ ಆ ಬೊಂಬೆಯನ್ನು ಒಡೆಯುತ್ತಾನೆ. ಒಂದು ತುಂಡು ದೋಣಿಯಲ್ಲಿ ಸತ್ತವರ ನಡುಗಡ್ಡೆಗೆ ಹೋಗುತ್ತದೆ. ಒಡೆಯದಿದ್ದರೆ ಸತ್ತವಳು ಹೊಸ್ತಿಲು ದಾಟದೆ ಮನೆಯಲ್ಲೇ ಅಲೆಯುತ್ತಾಳೆ.

ನನಗೆ ಕೆತ್ತುವುದನ್ನು ಕಲಿಸಿದವಳು ಅವ್ವ. "ಕೊರಳು ಸಣ್ಣಗಿರ್ಲಿ ಕಣೆ" ಎಂದು ಬಾಯಿ ನೋಯುವಷ್ಟು ಹೇಳಿದಳು. ನಾನು ಕೇಳಬೇಕಲ್ಲ! ಅವಳ ಬೊಂಬೆಗೆ ಒನಕೆಯಂಥ ಕೊರಳಿಟ್ಟೆ. ಅವ್ವ ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ" ಎಂದಳು, ಅಷ್ಟೇ. ಆಮೇಲೆ ಹಬ್ಬ ಬಂದಾಗಲೆಲ್ಲ ಬೊಂಬೆಯ ಬೆನ್ನಿಗೆ ನೀಲಿ ಜಡೆ ಬರೆಯುತ್ತಾ ಕೂರುತ್ತಿದ್ದಳು.

"ಏನವ್ವಾ, ನಿನ್ ತಲೇಲಿ ನಾಕು ಕೂದ್ಲಿಲ್ಲ, ಬೊಂಬೇಗೆ ಮಾತ್ರ ಇಷ್ಟು ದಪ್ಪ ಜಡೆ?" ಎಂದು ನಾನು ಕಾಡುತ್ತಿದ್ದೆ.

"ಇರ್ಲಿ ಬಿಡೆ. ಹೋಗೋವಾಗಾದ್ರೂ ಚೆಂದಾಗಿ ಹೋಗ್ತೀನಿ."

ಅವ್ವ ಹೋದ ದಿನ ದೋಣಿ ಸಿದ್ಧವಾಗಿತ್ತು. ಬಡಗಣ ಗಾಳಿ ಏಳುವ ಸೂಚನೆಯಿತ್ತು. ಎದ್ದರೆ ಎಷ್ಟೋ ದಿನ ಆ ಕಡೆಗೆ ದೋಣಿ ಹೋಗುವುದಿಲ್ಲ. ಅವ್ವನ ತಮ್ಮ ಕುಸ್ಸಾರೊ ಮಾವ ಬೊಂಬೆಯನ್ನು ಅಂಗಾತ ಮಲಗಿಸಿ, ಗುಂಡುಕಲ್ಲೆತ್ತಿ ಎದೆಗೆ ಹೊಡೆದ. ಕಲ್ಲು ಪುಟಿದು ಅವನ ಹೆಬ್ಬೆರಳಿಗೇ ಬಿತ್ತು. ಮಂಡಿಗೆ ಹೊಡೆದ, ಸೊಂಟಕ್ಕೆ ಹೊಡೆದ. ಬೊಂಬೆ ಜಪ್ಪಯ್ಯ ಅನ್ನಲಿಲ್ಲ.

"ನಿಮ್ಮವ್ವನ ಮೊಂಡುತನಾನೆಲ್ಲ ಇದಕ್ಕೇ ತುಂಬಿದ್ಯಲ್ಲೇ!" ಎಂದು ಮಾವ ಬೆರಳು ಚೀಪಿಕೊಂಡ. "ಬೇರೆ ಯಾವ್ದಾದ್ರೂ ಒಡೆದ ಬೊಂಬೆ ಇದ್ರೆ ಕೊಡು, ಕಳಿಸ್ಬಿಡೋಣ. ಯಾರು ನೋಡ್ತಾರೆ?"

"ಅವ್ವ ನೋಡ್ತಾಳೆ. ಕೊಡು ಇಲ್ಲಿ."

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕಲ್ಲಿನ ವಿಷಯದಲ್ಲಿ ನನ್ನ ಕೈ ಮೋಸ ಹೋಗುವುದಿಲ್ಲ. ಬೊಂಬೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ತಲೆಯಿಂದ ಕೆಳಕ್ಕೆ ಬೆರಳಾಡಿಸಿದೆ. ಕೊರಳ ಹಿಂದೆ, ಜಡೆಯ ಕೆಳಗೆ, ಬೆರಳಿಗೆ ಕಲ್ಲು ತಗಲಲಿಲ್ಲ. ಮೆತ್ತಗಿತ್ತು. ಉಗುರಿನಿಂದ ಕೆರೆದೆ. ನೀಲಿ ಕಲಸಿದ ಜೇನುಮೇಣ ಸುರುಳಿಯಾಗಿ ಎದ್ದು ಬಂತು. ಅದರ ಕೆಳಗೆ ಆಳವಾದ ಗೀರು. ಗೀರಿನ ಒಳಗೆ ಉಜ್ಜುಗಲ್ಲಿನ ಗುರುತುಗಳೆಲ್ಲ ಎಡಕ್ಕೆ ವಾಲಿದ್ದವು.

ಅವ್ವ ಎಡಚಿ.

ಅಷ್ಟು ವರ್ಷ ಅವಳು ಬರೀ ಜಡೆ ಬರೆಯುತ್ತಾ ಕೂತಿರಲಿಲ್ಲ. ನನ್ನ ಒನಕೆ ಕೊರಳನ್ನು ಒಂದೊಂದು ಹಬ್ಬಕ್ಕೂ ಸ್ವಲ್ಪ ಸ್ವಲ್ಪ ತೇಯ್ದು, ನನಗೆ ಕಾಣದಂತೆ ಮೇಣ ತುಂಬಿ, ಮೇಲೆ ಕೂದಲು ಬರೆದಿದ್ದಳು. ನನ್ನ ಜಂಬಕ್ಕೆ ಪೆಟ್ಟಾಗದಿರಲಿ ಎಂದು ತನ್ನ ದಾರಿಯನ್ನು ತಾನೇ ಮಾಡಿಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ತಾ ಕೂತ್ಕೊಂಡ್ರೆ ಗಾಳಿ ಕಾಯಲ್ಲಮ್ಮೋ!" ಎಂದು ಅಂಬಿಗ ಕೆಳಗಿನಿಂದ ಕೂಗಿದ.

ಗುಂಡುಕಲ್ಲು ಬೇಕಾಗಲಿಲ್ಲ. ಅಂಗಳದ ಬಂಡೆಯ ಅಂಚಿಗೆ ಕೊರಳಿಟ್ಟು ಒಮ್ಮೆ ತಟ್ಟಿದೆ. ತಲೆ ನನ್ನ ಅಂಗೈಗೆ ಬಂತು.

"ಅಬ್ಬಾ! ಅಂತೂ ನಿನ್ ಕೆಲ್ಸಾನೂ ಮುರೀತು" ಎಂದ ಮಾವ.

"ನನ್ ಕೆಲ್ಸ ಎಲ್ಲಿ ಮುರೀತು ಮಾವ? ನೀನೇ ಹೊಡೆದು ನೋಡಿದ್ಯಲ್ಲ. ಮುರಿದದ್ದು ಅವ್ವನ ಕೆಲ್ಸ."

ತಲೆಯನ್ನು ಉಣ್ಣೆಯಲ್ಲಿ ಸುತ್ತಿ ನಾನೇ ದಡಕ್ಕಿಳಿದು ಅಂಬಿಗನ ಕೈಗಿಟ್ಟೆ. ಅವನು ಹುಟ್ಟನ್ನು ನೀರಿಗಿಳಿಸಿ ದೋಣಿ ನೂಕಿದ. ಅವ್ವ ಹೊಸ್ತಿಲು ದಾಟಿದಳು.