ಜಾಗ ಬಿಟ್ಟ ಮೀನುಗಳು

ಕೋಯ್ ಹೂವಿನ ಚಕ್ರವನ್ನು ಅಪ್ಪನ ಬೋಟಿನ ಮೂತಿಗೆ ಕಟ್ಟುತ್ತಿದ್ದ. ಗಾಳದ ದಾರವನ್ನು ಎಳೆದ ರಭಸಕ್ಕೆ ಅದು ಬೆರಳನ್ನು ಕೊಯ್ದು ರಕ್ತ ಬಂತು. ಅದನ್ನು ಸೂಟಿನ ಪ್ಯಾಂಟಿಗೆ ಒರೆಸಿಕೊಂಡು ಇನ್ನೊಂದು ಸುತ್ತು ಬಿಗಿದ. ಬಿಳಿ ಹೂವುಗಳ ಹಿಂದೆ ಬೋಟಿನ ಮೂತಿ ಎರಡಾಗಿ ಸೀಳಿತ್ತು.

ಶವಪೆಟ್ಟಿಗೆಯನ್ನು ಚರ್ಚಿನಿಂದ ಸ್ಮಶಾನಕ್ಕೆ ಆ ಬೋಟಿನಲ್ಲೇ ಒಯ್ಯಬೇಕೆಂಬುದು ಅವನ ಹಟ. ಅಲಬಾಮದ ಆ ಹಿನ್ನೀರಿನ ದಂಡೆಯಲ್ಲಿ ಅದೇನೂ ಹೊಸದಲ್ಲ. ಮೀನು ಹಿಡಿದೇ ಬದುಕಿದವನನ್ನು ಅವನ ಬೋಟಿನಲ್ಲಿಟ್ಟು, ಬೋಟನ್ನು ಟ್ರಕ್ಕಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಕೋಯ್‌ನ ಅಪ್ಪ ವರ್ಡೆಲ್ ಪ್ರೂಯಿಟ್, ಬ್ಯಾಸ್ ಎಂಬ ಸಿಹಿನೀರಿನ ಬೇಟೆ ಮೀನು ಹಿಡಿಯುವುದರಲ್ಲಿ ಊರಿಂದೂರಿಗೆ ಹೆಸರಾದವನು. ಪಟ್ಟಣದವರನ್ನು ನೀರಿಗೆ ಕರೆದೊಯ್ದು ಮೀನು ಹಿಡಿಸಿ ಸಂಸಾರ ಸಾಕಿದವನು.

ಅವನ ಹೆಂಡತಿ ನೆಲ್ಡಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಗನನ್ನು ನೋಡುತ್ತಿದ್ದಳು.

"ಒಳಗೆ ಬಾರೋ. ಬ್ರದರ್ ಲೋನಿ ಪ್ರಾರ್ಥನೆ ಶುರು ಮಾಡ್ಬೇಕಂತೆ."

"ಬರ್ತೀನಮ್ಮ. ಆದ್ರೆ ಒಂದು ಮಾತು. ಆ ಆರ್ಲಿಸ್ ಇವತ್ತು ಇಲ್ಲಿ ಮುಖ ತೋರಿಸಿದ್ರೆ ಅಪ್ಪನ ಗುಂಡಿಯೊಳಗೆ ಅವನನ್ನೂ ಹಾಕಿ ಮುಚ್ತೀನಿ. ಆಮೇಲೆ ನನ್ನನ್ನ ತಡೀಬೇಡ."

ನೆಲ್ಡಾ ಬೆಳಗ್ಗೆಯೇ ಅವನ ಟ್ರಕ್ಕಿನಿಂದ ಪಿಸ್ತೂಲು ತೆಗೆದು ಮನೆಯ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟು ಬಂದಿದ್ದಳು. ಪಿಸ್ತೂಲನ್ನೇನೋ ಬಚ್ಚಿಡಬಹುದು, ಮಗನ ಕೈಗಳನ್ನು ಎಲ್ಲಿ ಬಚ್ಚಿಡುವುದು? ಹಿಂದೊಮ್ಮೆ ಒಬ್ಬನ ದವಡೆ ಮುರಿದು ಅವನು ಜೈಲು ಕಂಡು ಬಂದಿದ್ದ. ಇನ್ನೊಮ್ಮೆ ಕೈ ಮಾಡಿದರೆ ಮುದುಕನಾಗುವವರೆಗೂ ಒಳಗೇ ಎಂದು ಜಡ್ಜು ಎಚ್ಚರಿಸಿದ್ದರು. ಗಂಡನನ್ನು ಮಣ್ಣು ಮಾಡುವ ದಿನವೇ ಮಗನನ್ನೂ ಕಳೆದುಕೊಳ್ಳುವ ಭಯ ಅವಳದು.

*

ವರ್ಡೆಲ್ ಸತ್ತ ದಿನ. ಆಗಸ್ಟ್ ತಿಂಗಳ ಕೊನೆ, ಆ ಸೀಮೆಯಲ್ಲಿ ಬೇಸಿಗೆ ಮುಗಿಯುವ ಹೊತ್ತು. ಬೇಸಿಗೆಯುದ್ದಕ್ಕೂ ನೀರು ಕಾದು ಬ್ಯಾಸ್‌ಗಳೆಲ್ಲ ಆಳಕ್ಕಿಳಿದಿದ್ದವು. ಅಣೆಕಟ್ಟು ಕಟ್ಟಿದಾಗ ಮುಳುಗಿಹೋದ ಹಳೇ ಹೊಳೆಯ ದಂಡೆ ಕೆಳಗೆ ಹಾಗೇ ಇದೆ; ಬಿಸಿಲಿಗೆ ಮೀನುಗಳು ಅದಕ್ಕೇ ಒತ್ತಿಕೊಂಡಿರುತ್ತವೆ. ಅಲ್ಲಿ ಯಾರು ಮೊದಲು ಗುರುತಿಗೆ ತೇಲುಬುರುಡೆ ಬಿಟ್ಟರೋ ಜಾಗ ಅವರದು. ಉಳಿದವರು ದೂರದಿಂದ ಸುತ್ತಿಕೊಂಡು ಹೋಗಬೇಕು. ಬರೆದಿಟ್ಟ ಕಾನೂನಲ್ಲ, ಆದರೆ ಮುರಿದವನ ಹಲ್ಲು ಉಳಿಯುತ್ತಿರಲಿಲ್ಲ. ಜುಲೈಯಿಂದ ಆ ಜಾಗ ವರ್ಡೆಲ್‌ನದು.

ಹಿಂದಿನ ರಾತ್ರಿ ಗಾಳಿ ತಿರುಗಿತ್ತು. ಮೋಡ ಕೆಳಗಿಳಿದು ಬಿಸಿಲು ಸತ್ತಿತು. ಬ್ಯಾಸ್‌ಗಳ ಆಹಾರವಾದ ಸಣ್ಣ ಬೆಳ್ಳಿ ಮೀನುಗಳು ಆಳ ಬಿಟ್ಟು, ತೊರೆ ಹಿನ್ನೀರನ್ನು ಸೇರುವ ಬಾಯಿಗೆ ಹೋದವು. ಬ್ಯಾಸ್‌ಗಳೂ ಅವುಗಳ ಬೆನ್ನು ಹತ್ತಿದವು. ಪ್ರತಿ ವರ್ಷ ಬೇಸಿಗೆ ಮುಗಿಯುವಾಗ ಆಗುವುದೇ ಇದು, ವರ್ಡೆಲ್‌ಗೆ ತಿಳಿಯದ್ದೇನಲ್ಲ. ಆದರೂ ತನ್ನ ಜಾಗ ಬಿಟ್ಟೇಳಲು ಅವನಿಗೆ ಮನಸ್ಸಾಗಲಿಲ್ಲ. ಮಧ್ಯಾಹ್ನದವರೆಗೆ ಗಾಳ ಹಾಕಿ ಹಾಕಿ ಒಂದೂ ಮೀನು ಕಚ್ಚದೆ ಕುದಿಯುತ್ತ ಕೂತಿದ್ದ.

ಆಮೇಲೆ ಪಡುವಣದಲ್ಲಿ ಗುಡುಗು ಕೇಳಿತು. ಬುದ್ಧಿ ಇದ್ದವರು ದಡಕ್ಕೆ ಹೋದರು. ಬ್ಯಾಸ್ ಹಿಡಿಯುವವರಿಗೆ ಮಾತ್ರ ಅದೇ ಕಾದು ಕೂತ ಗಳಿಗೆ. ಮಳೆ ಒಡೆಯುವುದಕ್ಕೆ ಮುಂಚೆ ಮೀನು ಹುಚ್ಚು ಹಿಡಿದಂತೆ ತಿನ್ನುತ್ತದೆ. ತೊರೆಯ ಬಾಯಿಯಲ್ಲಿ ನೀರು ಕೊತಕೊತ ಕುದಿಯತೊಡಗಿತು. ಬೆಳ್ಳಿ ಮೀನುಗಳು ಪ್ರಾಣ ಉಳಿಸಿಕೊಳ್ಳಲು ಗಾಳಿಗೆ ಹಾರುತ್ತಿದ್ದವು, ಬ್ಯಾಸ್‌ಗಳು ಹಾರಿದ್ದನ್ನೂ ಬಿಡದೆ ಕಚ್ಚಿ ಹರಿಯುತ್ತಿದ್ದವು. ಅದರ ನಡುವೆ ಆರ್ಲಿಸ್ ಬೋಯೆಟ್ ಒಬ್ಬನೇ ನಿಂತು ಒಂದರ ಹಿಂದೊಂದು ಎಳೆಯುತ್ತಿದ್ದ. ವರ್ಡೆಲ್‌ನ ಹಳೇ ಜೊತೆಗಾರ, ಮಾತು ಬಿಟ್ಟು ವರ್ಷಗಳಾಗಿದ್ದವು.

ವರ್ಡೆಲ್ ಬೋಟು ತಂದು ಅಡ್ಡ ನಿಲ್ಲಿಸಿದ. "ಆ ಮೀನು ನನ್ನವು. ಜುಲೈಯಿಂದ ಕಾಯ್ತಿದೀನಿ."

"ಜಾಗ ನಿಂದು ಕಣೋ, ಯಾರೂ ಮುಟ್ಟಿಲ್ಲ. ಮೀನು ಯಾರಪ್ಪಂದೂ ಅಲ್ಲ. ಗಾಳಿ ತಿರುಗ್ತು, ಬಂದ್ವು. ಬಾ, ನೀನೂ ಪಕ್ಕದಲ್ಲಿ ಹಾಕು."

ವರ್ಡೆಲ್ ಬೋಟು ತಿರುಗಿಸಿಕೊಂಡು ಹೊರಟ. ಸದ್ಯ ಹೋದನಲ್ಲ ಎಂದುಕೊಂಡು ಆರ್ಲಿಸ್ ಮತ್ತೆ ಗಾಳ ಎಸೆದ. ಮೋಟಾರಿನ ಅಬ್ಬರ ಕೇಳಿ ತಲೆಯೆತ್ತುವಷ್ಟರಲ್ಲಿ ವರ್ಡೆಲ್‌ನ ಬೋಟು ಮೂತಿ ಮೇಲೆತ್ತಿಕೊಂಡು ನೇರ ಅವನ ಪಕ್ಕೆಗೆ ನುಗ್ಗುತ್ತಿತ್ತು.

ಹೊಡೆತಕ್ಕೆ ವರ್ಡೆಲ್ ಹಾರಿ ಎದುರಿನ ಬೋಟಿನ ಮೋಟಾರಿಗೆ ತಲೆ ಬಡಿದುಕೊಂಡು ನೀರಿಗೆ ಬಿದ್ದ. ಆರ್ಲಿಸ್‌ನ ತೋಳು ಮುರಿದಿತ್ತು. ಉಳಿದೊಂದು ಕೈಯಲ್ಲಿ ಅವನನ್ನು ಹಿಡಿದುಕೊಂಡು, ಮಳೆ ನಿಲ್ಲುವವರೆಗೂ ಮುಖ ಮುಳುಗದಂತೆ ತೇಲಿಸಿಟ್ಟ. ಆದರೆ ಏಟಿಗೆ ತಲೆ ಒಡೆದು ವರ್ಡೆಲ್ ಆಗಲೇ ಸತ್ತಿದ್ದ.

ಆರ್ಲಿಸ್ ನಡೆದದ್ದನ್ನು ನಡೆದಂತೆ ಷೆರಿಫ್‌ಗೆ ಹೇಳಿದ. ಊರಲ್ಲಿ ಕೋಯ್ ಅದನ್ನೇ ತಿರುವಿ ಹೇಳಿದ: ಗುದ್ದಿದವನು ಆರ್ಲಿಸ್, ಸತ್ತವನು ಅಪ್ಪ.

*

ಚರ್ಚಿನಲ್ಲಿ ಎಲ್ಲರೂ ವರ್ಡೆಲ್‌ನನ್ನು ಹೊಗಳಿದರು. ಕೋಪ ಇತ್ತು, ಆದರೆ ಬೇಸಿಗೆ ಮಳೆಯ ಹಾಗೆ ಬಂದು ಹೋಗುತ್ತಿತ್ತು ಎಂದರು ಪಾದ್ರಿ ಬ್ರದರ್ ಲೋನಿ. ಜನ ನಕ್ಕರು. ನೆಲ್ಡಾಳ ಪಕ್ಕದ ಮನೆಯ ಡಿವಿಟ್ ಹೊರಗೆ ಬಂದು, ಬಡಗಣ ಗಾಳಿಗೆ ತೊಳೆದಿಟ್ಟಂತಿದ್ದ ನೀಲಿ ಆಕಾಶ ನೋಡಿ, ಮಳೆ ಕಳೆದು ಬಾನು ತಿಳಿಯಾದ ಇಂಥ ದಿನ ದೇವರೇ ಗಾಳ ಹಾಕಿದರೂ ಮೀನು ಬಾಯಿ ಬಿಡುವುದಿಲ್ಲ, ವರ್ಡೆಲ್ ರಜೆ ಹಾಕಿದ್ದೇ ಒಳ್ಳೆಯದಾಯಿತು ಎಂದ. ಅದಕ್ಕೂ ನಕ್ಕರು. ನಗುತ್ತಲೇ ಒಬ್ಬೊಬ್ಬರೂ ಬೋಟಿನ ಮೂತಿಯನ್ನು ಓರೆಗಣ್ಣಲ್ಲಿ ನೋಡಿದರು. ಮೂತಿ ಒಡೆದ ಬೋಟೇ ಗುದ್ದಿದ ಬೋಟು ಎಂಬುದು ನೀರಿಗೆ ಇಳಿದ ಯಾರಿಗಾದರೂ ಗೊತ್ತಾಗುತ್ತದೆ. ಹೆಣದ ಮುಂದೆ ಅದನ್ನು ಹೇಳುವವರು ಯಾರು?

ನೆಲ್ಡಾಗಂತೂ ಬೋಟು ನೋಡುವ ಅಗತ್ಯವೇ ಇರಲಿಲ್ಲ.

*

ಮದುವೆಯಾದ ಹೊಸತು. ಅಂದೂ ಬೇಸಿಗೆ ಮುಗಿಯುತ್ತಿತ್ತು, ಅಂದೂ ಗಾಳಿ ತಿರುಗಿ ಮೀನು ಜಾಗ ಬಿಟ್ಟಿತ್ತು. ಹೊರ ಊರಿನ ಇಬ್ಬರು ಅವನ್ನು ಹಿಡಿಯುತ್ತಿದ್ದರು. "ಗಟ್ಟಿಯಾಗಿ ಹಿಡ್ಕೊ" ಎಂದಷ್ಟೇ ಬೋಟಿನಲ್ಲಿ ಜೊತೆಗಿದ್ದ ನೆಲ್ಡಾಗೆ ಹೇಳಿ, ವರ್ಡೆಲ್ ನೇರ ಅವರ ಬೋಟಿಗೆ ಗುದ್ದಿದ. ಅವಳ ಹೆಗಲಿನ ಎಲುಬು ಮುರಿಯಿತು. ದಡದ ಪಾಚಿಯಲ್ಲಿ ಜಾರಿಬಿದ್ದೆ ಎಂದು ಆಸ್ಪತ್ರೆಯಲ್ಲಿ ಹೇಳಿದಳು. ಅಲ್ಲಿಂದಾಚೆಗೆ ಅವಳು ತುಂಬ ಸಲ ಜಾರಿಬಿದ್ದಳು: ಅಡಿಗೆಮನೆಯಲ್ಲಿ, ಮೆಟ್ಟಿಲಲ್ಲಿ, ಬಚ್ಚಲಲ್ಲಿ. ಅಮ್ಮನ ಕಾಲು ಸರಿಯಿಲ್ಲ ಎಂದೇ ಕೋಯ್ ನಂಬಿ ಬೆಳೆದ. ಅಪ್ಪನನ್ನು ಅವನು ದೇವರಂತೆ ಕಾಣುತ್ತಿದ್ದ, ಆ ದೇವರನ್ನು ಮಗನಿಂದ ಕಿತ್ತುಕೊಳ್ಳಲು ಅವಳಿಗೆ ಕೈ ಬಂದಿರಲಿಲ್ಲ.

*

ಪೆಟ್ಟಿಗೆಯನ್ನು ಬೋಟಿನಿಂದ ಇಳಿಸಿ ಗುಂಡಿಯ ಬಳಿ ತರುವಾಗ ಆರ್ಲಿಸ್ ಬಂದ. ಮುರಿದ ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು, ಇನ್ನೊಂದು ಕೈಯಲ್ಲಿ ಟೋಪಿ. ದೂರದಲ್ಲೇ ನಿಂತ.

ಕೋಯ್ ಹಿಡಿಕೆ ಬಿಟ್ಟುಬಿಟ್ಟ. ಪೆಟ್ಟಿಗೆಯ ಒಂದು ಮೂಲೆ ನೆಲಕ್ಕೆ ಬಡಿಯಿತು. ಜನ ಏನಾಯಿತೆಂದು ನೋಡುವುದರೊಳಗೆ ಆರ್ಲಿಸ್ ಅಂಗಾತ ಬಿದ್ದಿದ್ದ, ಕೋಯ್ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದ. ಮೂಗು ಲಟಕ್ಕೆಂದಿತು. ಡಿವಿಟ್ ಬಿಡಿಸಲು ಹೋಗಿ ಮೊಣಕೈ ಏಟಿಗೆ ತುಟಿ ಒಡೆದುಕೊಂಡ. ಆರ್ಲಿಸ್ ಎದುರು ಕೈ ಎತ್ತಲಿಲ್ಲ. ಕೋಯ್ ಅವನ ಮುರಿದ ತೋಳನ್ನು ಮೊಣಕಾಲಲ್ಲಿ ಒತ್ತಿ, ಎರಡೂ ಕೈಯಲ್ಲಿ ಕತ್ತು ಹಿಡಿದ. ಆರ್ಲಿಸ್‌ನ ಕಾಲುಗಳು ಹುಲ್ಲನ್ನು ಕೆರೆದವು.

"ಬಿಡೋ ಅವನನ್ನ," ಎಂದಳು ನೆಲ್ಡಾ. "ಗುದ್ದಿದ್ದು ನಿಮ್ಮಪ್ಪ."

"ಅಮ್ಮ, ನೀನು ಸುಮ್ನಿರು."

"ಎಷ್ಟು ವರ್ಷ ಸುಮ್ನಿರ್ಲಿ? ನಾನು ಬೋಟಲ್ಲಿ ಕೂತಿರುವಾಗ್ಲೇ ಹೀಗೇ ಇನ್ನೊಬ್ಬರಿಗೆ ಗುದ್ದಿದ. ಈ ಹೆಗಲೆಲುಬು ಮುರಿದದ್ದು ಹಾಗೆ. ನಾನು ಒಂದು ದಿನವೂ ಜಾರಿಬಿದ್ದೋಳಲ್ಲ ಕಣೋ ಕೋಯ್. ಪ್ರತಿಯೊಂದು ಸಲವೂ ಅವನೇ."

ಕೋಯ್ ಆರ್ಲಿಸ್‌ನ ಕತ್ತು ಬಿಟ್ಟು ಎದ್ದ. ಆರ್ಲಿಸ್ ಮಗ್ಗುಲಾಗಿ ರಕ್ತ ಉಗುಳಿ ಉಸಿರೆಳೆದುಕೊಂಡ. ಕೋಯ್ ಅವನತ್ತ ನೋಡಲಿಲ್ಲ. ಅಮ್ಮನ ಕಡೆ ನಡೆದು ಬಂದ. ಅವನ ಮುಖ ಕೆಂಪೇರಿ ವರ್ಡೆಲ್‌ನ ಮುಖವೇ ಆಗಿತ್ತು.

"ಸತ್ತವನ ಮೇಲೆ ಸುಳ್ಳು ಹೇಳ್ತೀಯಾ? ಅವನ ಹೆಣದ ಮುಂದೆ?"

ಅವನ ಮುಷ್ಟಿ ಮೇಲೆದ್ದಿತು.

ನೆಲ್ಡಾ ಹಿಂದೆ ಸರಿಯಲಿಲ್ಲ, ಕೂಗಲಿಲ್ಲ. ದಿನಾ ಮಾಡುವ ಮನೆಗೆಲಸವೆಂಬಂತೆ, ಯಾವ ಅವಸರವೂ ಇಲ್ಲದೆ, ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಕೆನ್ನೆ ಅವನ ಕಡೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ನಿಂತಳು.