ಸ್ಕ್ರೀನ್ ಆರಿದರೆ ಗಿರಣಿ ನಿಂತಂತಲ್ಲ

ಮುಂಡರಗಿ ರಸ್ತೆಯ ಖಾರದಪುಡಿ ಕಾರ್ಖಾನೆಗೆ ಹೊಸಬರು ಯಾರೇ ಬರಲಿ, ಮೊದಲು ಸೀನುತ್ತಾರೆ. ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ಕಳಸಾಪುರದ ಉಳವಪ್ಪನಿಗೆ ಆ ಘಾಟು ಎಂದೋ ಒಗ್ಗಿಹೋಗಿದೆ. ಅವನು ಅಲ್ಲಿ ಗಿರಣಿ ನಡೆಸುವವನು. ಬೀಸುವ ಸದ್ದು ಕೇಳಿಯೇ ಪುಡಿ ನುಣ್ಣಗಾಗಿದೆಯೋ ತರಿಯಾಗಿದೆಯೋ ಹೇಳಬಲ್ಲ. ಅಂಥವನ ತಲೆ ಈ ಬೇಸಿಗೆಯಲ್ಲಿ ಕೆಟ್ಟುಹೋಯಿತು.

ಕಾರಣ ಇಷ್ಟೆ. ಗಿರಣಿಯ ಪಕ್ಕದಲ್ಲಿದ್ದ ಕಂಪ್ಯೂಟರನ್ನು ಎತ್ತಿಕೊಂಡು ಹೋದರು. ಆ ಜಾಗಕ್ಕೆ ಒಂದು ಸ್ಕ್ರೀನ್ ಬಂತು. ಅದರ ಬೆನ್ನಿಗೆ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಉಳವಪ್ಪ ಅದನ್ನು ತಟ್ಟಿ ನೋಡಿದ, ಕಿವಿ ಇಟ್ಟು ಕೇಳಿದ. ಒಳಗೆ ಸದ್ದೇ ಇಲ್ಲ.

"ಇದರಾಗ ಏನೂ ಇಲ್ಲಂತ. ಮತ್ತ ಗಿರಣಿ ಹೆಂಗ ನಡೀತೈತಿ ತಂಗಿ?" ಎಂದು ಶಿವರಂಜನಿಯನ್ನು ಕೇಳಿದ. ಬೆಳ್ಳಟ್ಟಿಯ ಶಿವರಂಜನಿ ಕಾರ್ಖಾನೆಯ ಕರೆಂಟಿನ ಕೆಲಸ ನೋಡಿಕೊಳ್ಳುವ ಹುಡುಗಿ.

"ಕಾಕಾ, ಇದಕ್ಕ ಥಿನ್ ಕ್ಲೈಂಟ್ ಅಂತಾರ. ಬರೇ ತೋರಸೂದು, ನೀವು ಒತ್ತಿದ್ದನ್ನ ಒಳಗ ಮುಟ್ಟಸೂದು, ಇಷ್ಟ ಇದರ ಕೆಲಸ. ಖರೆ ಕಂಪ್ಯೂಟರ್ ಆಫೀಸ್ ಮಗ್ಗಲಿನ ಖೋಲಿಯೊಳಗ ಐತಿ. ಎಲ್ಲಾ ಮಷೀನಿಗೂ ಅದ ಒಂದ."

"ಪ್ಯಾಕಿಂಗಿನ ಸುನಿತಾನ ಸ್ಕ್ರೀನಿನ್ಯಾಗೂ ನನ್ನ ಗಿರಣಿ ಕಾಣತೈತಲ್ಲ?"

"ಕಾಣತೈತ್ರಿ. ಅಲ್ಲಿಂದನೂ ಚಾಲೂ ಮಾಡಾಕ ಬರತೈತಿ."

"ಹಂಗಾರ ಗಿರಣಿ ನಂದೋ, ಆಕಿದೋ?"

ಶಿವರಂಜನಿ ನಕ್ಕಳು. ನಗುತ್ತಲೇ ಅವನ ಕೈಗೆ ಒಂದು ಕೆಂಪು ಕೀಲಿ, ಅಂದರೆ ಬೀಗ, ಕೊಟ್ಟಳು. "ಗಿರಣಿಯೊಳಗ ಕೈ ಹಾಕೂ ಮುಂದ ಗ್ವಾಡಿ ಮ್ಯಾಲಿನ ದೊಡ್ಡ ಸ್ವಿಚ್ ಇಳಿಸ್ರಿ, ಈ ಕೀಲಿ ಹಾಕ್ರಿ, ಕೀಲಿಕೈ ನಿಮ್ಮ ಕಡೆನ ಇಟಗೊಳ್ರಿ. ಮರೀಬ್ಯಾಡ್ರಿ ಕಾಕಾ."

ಉಳವಪ್ಪ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಏನು ಖರ್ಚಿದೆ ಹೇಳಿ. ಕೀಲಿ ಗಟ್ಟಿಯಾಗಿತ್ತು, ಮನೆಗೆ ಒಯ್ದು ಟ್ರಂಕಿಗೆ ಹಾಕಿದ. ಅವನ ಹೆಂಡತಿ ಅಮೃತವ್ವ ಅದೇ ಕಾರ್ಖಾನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಟ್ರಂಕಿನ ಮೇಲೆ ಹೊಸ ಕೀಲಿ ಕಂಡು ಅವಳಿಗೂ ಖುಷಿಯೇ ಆಯಿತು.

ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಅಂಗಡಿ, ಗಿರಣಿ ಎಲ್ಲಕ್ಕೂ ಪೂಜೆ ಆಗಲೇಬೇಕು. ಪೂಜೆಗೆ ಮುಂಚೆ ಗಿರಣಿಯನ್ನು 'ಮಲಗಿಸಿ', ಒಳಗೆಲ್ಲ ಒರೆಸಿ, ವಿಭೂತಿ ಹಚ್ಚುವುದು ಉಳವಪ್ಪನ ಪದ್ಧತಿ. ಹಿಂದೆ ಪಕ್ಕದ ಕಂಪ್ಯೂಟರ್ ಬಂದ್ ಮಾಡಿದರೆ ಗಿರಣಿಯೂ ಮಲಗುತ್ತಿತ್ತು. ಈಗಲೂ ಅವನು ಹಾಗೆಯೇ ಮಾಡಿದ. ಪೆಟ್ಟಿಗೆಯ ಪ್ಲಗ್ ಕಿತ್ತ. ಸ್ಕ್ರೀನ್ ಕಪ್ಪಾಯಿತು. ಅದರ ಮೇಲೆ ತನ್ನ ಟವೆಲ್ ಹೊದಿಸಿ ಕೈಮುಗಿದ. "ಮಲ್ಕೊ ನಮ್ಮವ್ವ," ಎಂದ. ಒದ್ದೆ ಅರಿವೆ ಹಿಡಿದು, ಮೆಣಸಿನಕಾಯಿಯನ್ನು ಒಳಕ್ಕೆ ತಳ್ಳುವ ಸ್ಕ್ರೂ ಇರುವ ಬಾಯಿಯೊಳಗೆ ಬಲಗೈಯನ್ನು ಮೊಣಕೈವರೆಗೂ ಇಳಿಸಿದ.

ಗೋಡೆಯ ಆಚೆ ಸುನಿತಾಗೆ ಇದೊಂದೂ ಗೊತ್ತಿಲ್ಲ. ಪ್ಯಾಕಿಂಗಿಗೆ ಪುಡಿ ಕಡಿಮೆ ಬಿದ್ದಿತ್ತು. ಅವಳ ಸ್ಕ್ರೀನಿನಲ್ಲಿ ಗಿರಣಿ ತಯಾರಿದೆ ಎಂದೇ ತೋರಿಸುತ್ತಿತ್ತು. ಅವಳು ಚಾಲೂ ಒತ್ತಿದಳು. ಅವಳ ತಪ್ಪೇನಿದೆ?

ಗಿರಣಿ ಹೊರಡುವ ಮುಂಚಿನ ಪೀಪಿ ಕೂಗಿತು.

ಪೂಜೆಗೆಂದು ತೆಂಗಿನಕಾಯಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಮೃತವ್ವ ಅದನ್ನು ಕೈಬಿಟ್ಟಳು. "ಅಯ್ಯ, ಕೈ ತಗೀರಿ!" ಎಂದು ಚೀರಿ ಸ್ಕ್ರೀನಿನ ಕಡೆ ಓಡಿದಳು. ಪ್ಲಗ್ ಕೀಳಬೇಕು ಎಂದುಕೊಂಡಳು. ಪ್ಲಗ್ ಆಗಲೇ ಕಿತ್ತು ನೆಲದ ಮೇಲೆ ಬಿದ್ದಿತ್ತು. ಟವೆಲ್ ಎಳೆದಳು. ಸ್ಕ್ರೀನ್ ಕಪ್ಪಗೆ ಸುಮ್ಮನಿತ್ತು. ಸತ್ತಂತಿದ್ದ ಅದರ ಮೇಲೆ ಬಡಿಯುತ್ತ, "ಬಂದಾಗೈತಿ, ಬಂದಾಗೈತಲ್ಲ! ಮತ್ತ ಯಾಕ ಒದರಾಕತ್ತೈತಿ?" ಎಂದು ಅಳತೊಡಗಿದಳು. ಏನು ಒತ್ತಬೇಕು, ಎಲ್ಲಿ ಒತ್ತಬೇಕು, ಆ ತಾಯಿಗೆ ಒಂದೂ ತಿಳಿಯಲಿಲ್ಲ. ಗಾಬರಿಯಲ್ಲಿ ಕೈ ಎಳೆಯಲು ಹೋದ ಉಳವಪ್ಪನ ಅಂಗಿಯ ತೋಳು ಒಳಗೇ ಸಿಕ್ಕಿಕೊಂಡಿತ್ತು.

ಸ್ಕ್ರೂ ತಿರುಗತೊಡಗಿತು.

ಶಿವರಂಜನಿ ಎಲ್ಲಿಂದ ಓಡಿ ಬಂದಳೋ, ತಟ್ಟನೆ ನಿಲ್ಲಿಸಲೆಂದೇ ಗಿರಣಿಯ ಮೈಮೇಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಎಲ್ಲ ನಿಂತಿತು. ಅಂಗಿಯ ತೋಳು ಹರಿದು ಸ್ಕ್ರೂಗೆ ಸುತ್ತಿತ್ತು. ಕೈ ಉಳಿದಿತ್ತು. ಉಳವಪ್ಪ ನೆಲಕ್ಕೆ ಕುಸಿದು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಅಮೃತವ್ವ ಆ ಕೈಯನ್ನು ಹಿಡಿದವಳು ಬಿಡಲೇ ಇಲ್ಲ.

ನೀರು ಕುಡಿದ ಮೇಲೆ ಅವನು ಕೇಳಿದ. "ನಾ ಬಂದ್ ಮಾಡಿದ್ನಲ್ಲ ತಂಗಿ? ಇದೇನ್ ಮಾಟ?"

"ಕಾಕಾ, ಮನ್ಯಾಗ ಟಿವಿ ಆರಿಸಿದ್ರ ಅಲ್ಲಿ ಮೈದಾನದಾಗ ಮ್ಯಾಚ್ ನಿಂದ್ರತೈತೇನು?"

ಉಳವಪ್ಪ ನೆಲದ ಮೇಲೆ ಬಿದ್ದಿದ್ದ ಪ್ಲಗ್ಗಿನ ಕಡೆ ನೋಡಿದ. "ಇಲ್ಲ," ಎಂದ.

"ಹಂಗ ಇದು. ನೀವು ಆರಿಸಿದ್ದು ನೋಡೂ ಸ್ಕ್ರೀನು. ಆಟ ಅಲ್ಲಿ ಒಳಗಿನ ಖೋಲಿಯೊಳಗ ನಡದ ಇತ್ತು."

ಅಮೃತವ್ವನಿಗೆ ಸಿಟ್ಟು ಬಂತು. "ಇಂಥಾ ದೆವ್ವ ಯಾಕ ಬೇಕಿತ್ತವಾ? ಮೊದಲಿನದ ಚಲೋ ಇತ್ತು!"

"ಕಾಕಿ, ಮೊದಲಿನ ಕಂಪ್ಯೂಟರಿನ್ಯಾಗ ಖಾರದ ಧೂಳ ತುಂಬಿ ಎಷ್ಟ್ ಸಲ ಕೆಲಸ ನಿಂತಿತ್ತು, ನೆನಪೈತಿಲ್ಲ? ಈಗ ಈ ಪೆಟಗಿ ಕೆಟ್ರ ಬ್ಯಾರೇದು ತಂದು ಸಿಗಸೂದು, ಆತು. ಯಾವ ಪುಡಿಗೆ ಎಷ್ಟ್ ಕಾಯಿ, ಎಷ್ಟ್ ಉಪ್ಪು, ಎಲ್ಲಾ ಒಳಗಿನ ಖೋಲಿಯೊಳಗ ಭದ್ರ ಇರತೈತಿ. ಪದ್ಧತಿ ಚಲೋನ ಐತಿ. ಆದ್ರ ಅದಕ್ಕ ನಿಮ್ಮ ಕೈ ಒಳಗೈತಿ ಅಂತ ಗೊತ್ತಾಗೂದಿಲ್ಲ. ಅದಕ್ಕ ಆ ಕೀಲಿ ಕೊಟ್ಟಿದ್ದೆ. ಎಲ್ಲೈತ್ರಿ ಕಾಕಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಟ್ರಂಕಿಗೆ ಐತಿ," ಎಂದಳು ಅಮೃತವ್ವ ಮೆಲ್ಲಗೆ.

ಮುಂದಿನ ಅಮಾವಾಸ್ಯೆಗೆ ಪೂಜೆಯ ಕ್ರಮ ಬದಲಾಯಿತು. ಉಳವಪ್ಪ ಸ್ಕ್ರೀನಿಗೆ ಟವೆಲ್ ಹೊದಿಸಲಿಲ್ಲ. ಗೋಡೆಯ ದೊಡ್ಡ ಸ್ವಿಚ್ ಇಳಿಸಿ, ಕೆಂಪು ಕೀಲಿ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಸುನಿತಾಳನ್ನು ಕೂಗಿ, "ಒಮ್ಮೆ ಚಾಲೂ ಒತ್ತಿ ನೋಡವಾ," ಎಂದ. ಅವಳು ಒತ್ತಿದಳು. ಗಿರಣಿ ಅಲುಗಲಿಲ್ಲ. ಆಮೇಲೆಯೇ ಅವನು ಒಳಗೆ ಕೈ ಹಾಕಿದ. ಅಮೃತವ್ವ ಮೊದಲ ವಿಭೂತಿಯನ್ನು ಹಚ್ಚಿದ್ದು ಆ ಕೀಲಿಗೆ.

"ಈಗರ ತಿಳೀತೇನ್ರಿ ಕಾಕಾ, ಗಿರಣಿ ಬುದ್ಧಿ ಎಲ್ಲೈತಿ ಅಂತ?" ಎಂದು ಶಿವರಂಜನಿ ಕಾಡಿಸಿದಳು.

"ಇಲ್ಲವಾ, ಖರೇನ ತಿಳಿದಿಲ್ಲ," ಎಂದ ಉಳವಪ್ಪ. "ನನ್ನ ಕೈ ಎಲ್ಲೈತಿ ಅನ್ನೂದು ಮಾತ್ರ ತಿಳದೈತಿ."

ಅಕ್ಕಂದಿರೇ, ಅಣ್ಣಂದಿರೇ, ನೀವು ಕೆಲಸ ಮಾಡುವ ಕಾರ್ಖಾನೆಯಲ್ಲೂ ಇಂಥ ಸ್ಕ್ರೀನ್ ಬಂದಿರಬಹುದು. ಅದರ ಒಳಗುಟ್ಟು ನಿಮಗೆ ಪೂರ್ತಿ ತಿಳಿಯದಿದ್ದರೆ ನಾಚಿಕೊಳ್ಳಬೇಡಿ, ಇದನ್ನು ಬರೆದವರಿಗೂ ಅರ್ಧವೇ ತಿಳಿದಿದೆ. ಆದರೆ ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಮಷೀನು ನಿಂತಿತೆಂದು ನಂಬಬೇಡಿ. ದೊಡ್ಡ ಸ್ವಿಚ್ ಇಳಿಸಿ, ಕೀಲಿ ಹಾಕಿ, ಚಾಲೂ ಒತ್ತಿಸಿ ನೋಡಿ, ಆಮೇಲೆ ಕೈ ಹಾಕಿ. ಕೀಲಿ ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ. ಕೊಟ್ಟಿದ್ದು ಮನೆಯ ಟ್ರಂಕಿನಲ್ಲಿದ್ದರೆ, ನಾಳೆ ಬೆಳಿಗ್ಗೆ ಬರುವಾಗ ಬಿಚ್ಚಿ ತನ್ನಿ.