ಹೊಗೆ ಚೀಟಿ

"ಬೀಡಿ ಸೇದಿ ಸೇದಿ ಎದೆ ಸುಟ್ಕಂಡು, ಈಗ ನನ್ನ ಕ್ರೇನಿನ ಮೇಲೆ ಗೂಬೆ ಕೂರಿಸ್ತ್ಯನಾ, ಬೋಳಿಮಗನೆ?"

ಕಾರವಾರದ ಕಾರ್ಮಿಕ ಕಚೇರಿಯಲ್ಲಿ, ಸಾಹೇಬರ ಎದುರಲ್ಲೇ, ದೇವಿದಾಸ ಶೇಟರು ಹೀಗೆ ಕೂಗಿದರು. ಬೊಮ್ಮಯ್ಯ ಉತ್ತರ ಕೊಡಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು.

"ಹೊರಗೆ ಹೋಗಿ ಕೆಮ್ಮಯ್ಯ," ಎಂದರು ಸಾಹೇಬರು, ಕರವಸ್ತ್ರ ಮೂಗಿಗೆ ಹಿಡಿದು. ಮೇಜಿನ ಮುಂದೆ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಶೇಟರು ಕೂತಿದ್ದರು, ಒಂದರಲ್ಲಿ ಅವರ ಚರ್ಮದ ಚೀಲ. ನಾವಿಬ್ಬರೂ ನಿಂತೇ ಇದ್ದೆವು.

ಬೊಮ್ಮಯ್ಯ ಬೀಡಿ ಮುಟ್ಟಿದವನೇ ಅಲ್ಲ. ಸೇದುವವನು ನಾನು, ಮಾಸ್ತಿ, ಶೇಟರ ಕ್ರೇನಿನ ಡ್ರೈವರ್. ಅರಬೈಲ್ ಘಟ್ಟದಲ್ಲಿ ಲಾರಿ ಉರುಳಿದರೆ ಎಳೆದು ಮೇಲೆ ತರುವ ಹಳೇ ಕ್ರೇನು ನಮ್ಮದು. ಹದಿನೆಂಟು ವರ್ಷ ನಾನು ಮುಂದೆ ಕ್ಯಾಬಿನ್ನಿನಲ್ಲಿ ಗಾಜು ಏರಿಸಿಕೊಂಡು ಕೂತೆ. ಬೊಮ್ಮಯ್ಯ ಹಿಂದೆ ನಿಂತು ಉಕ್ಕಿನ ಹಗ್ಗ, ಕೊಕ್ಕೆ ನೋಡಿಕೊಂಡ. ಹೊಗೆ ಕೊಳವೆ ಇರುವುದೂ ಹಿಂದೆಯೇ, ಅವನ ಎದೆಯ ಮಟ್ಟಕ್ಕೆ. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಕನ್ನಡಿಯಲ್ಲಿ ಅವನ ಕೈ ನೋಡಿಯೇ ಕೆಲಸ. ಬೆರಳು ಸುತ್ತಿಸಿದರೆ ಎಕ್ಸಲೇಟರ್ ಒತ್ತಬೇಕು, ಮುಷ್ಟಿ ಕಟ್ಟಿದರೆ ಬಿಡಬೇಕು.

ಅವನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಶೇಟರೇ, ತಮ್ಮ ಕಾರಿನಲ್ಲಿ. ಎಂಥ ದೊಡ್ಡ ಮನಸ್ಸು ಎಂದು ಬೆಳಂಬಾರದ ನಮ್ಮ ಕೇರಿಯೆಲ್ಲ ಹೊಗಳಿತು. ಬೀಡಿ ಸೇದುತ್ತಾನಾ ಎಂದು ಡಾಕ್ಟರು ಕೇಳಿದಾಗ, ಬೊಮ್ಮಯ್ಯನಿಗಿಂತ ಮೊದಲು ಶೇಟರೇ "ದಿನಕ್ಕೆ ಎರಡು ಕಟ್ಟು" ಎಂದರಂತೆ. ಕಾಗದದಲ್ಲಿ ಅದೇ ಬಿತ್ತು. ಕೆಲಸದಿಂದ ಬಂದ ಕಾಯಿಲೆಯಾದರೆ ಮಂಗಳೂರಿನಲ್ಲಿ ಚಿಕಿತ್ಸೆ, ಖರ್ಚು ಶೇಟರದ್ದು. ಬೀಡಿಯಿಂದ ಬಂದದ್ದಾದರೆ ಬೊಮ್ಮಯ್ಯ ಮನೆಯಲ್ಲಿ ಕೂತು ಸಾಯಬೇಕು. ಬೊಮ್ಮಯ್ಯ ಅರ್ಜಿ ಕೊಟ್ಟದ್ದು ಇಷ್ಟಕ್ಕೇ. ನಾನು ಅಲ್ಲಿಗೆ ಬಂದದ್ದು ಶೇಟರ ಜೊತೆ, ಅವರ ಡ್ರೈವರಾಗಿ.

ಶೇಟರು ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಎಸೆದರು. ವರ್ಷಕ್ಕೆ ಎರಡರಂತೆ ಮೂವತ್ತಾರು ಹೊಗೆ ತಪಾಸಣೆ ಚೀಟಿ. ಎಲ್ಲವೂ ಪಾಸು.

"ಮಷಿನ್ನು ಹೊಗೆ ಇಲ್ಲ ಅನ್ನುತ್ತೆ, ನೀನು ಇದೆ ಅಂತೀಯ. ನಾನು ಯಾರನ್ನ ನಂಬಲಿ?" ಸಾಹೇಬರು ನಕ್ಕರು. "ಒಂದೇ ಒಂದು ಫೇಲ್ ಚೀಟಿ ತಗೊಂಡು ಬಾ. ಆಮೇಲೆ ಮಾತಾಡೋಣ."

ನಾನು ನೆಲ ನೋಡುತ್ತ ನಿಂತಿದ್ದೆ. ನಾಚಿಕೆಗೆಟ್ಟ ನನ್ನ ಬಲಗಾಲು ಕಣ್ಣೆದುರೇ ಇತ್ತು.

ಆ ಸಂಜೆ ಬೊಮ್ಮಯ್ಯನ ಮನೆಗೆ ಹೋದೆ. ಅವನ ಹೆಂಡತಿ ಕಾಶಿ ಅಂಗಳದಲ್ಲಿ ಒಣಮೀನು ಬಾಚಿ ಬುಟ್ಟಿಗೆ ಹಾಕುತ್ತಿದ್ದಳು. ಅವನು ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ.

"ಬೊಮ್ಮಣ್ಣ, ಆ ಚೀಟಿ ಎಲ್ಲಾ ನಾನೇ ಪಾಸ್ ಮಾಡ್ಸಿದ್ದು," ಎಂದೆ. "ತಪಾಸಣೆಲಿ ನಾಕು ಸಲ ಎಕ್ಸಲೇಟರ್ ಪೂರ್ತಿ ಒತ್ತಬೇಕು. ನಾ ಮೆಲ್ಲಗೆ ಕಾಲು ತಾಗಿಸ್ತಿದ್ದೆ. ತಪಾಸಣೆ ಕೇಂದ್ರದ ಆ ರೋಷನ, ಮಷಿನ್ನಿನ ನಳಿಗೆನ ಕೊಳವೆ ಹೊರಗೇ ಹಿಡೀತಿದ್ದ. ಶೇಟ್ರು ಹೇಳೂದು, ನಾವು ಮಾಡೂದು."

ಕಾಶಿ ಬುಟ್ಟಿ ಬಿಟ್ಟು ಬಂದಳು. "ಥೂ! ಘಟ್ಟದಲ್ಲಿ ಇವ್ರ ಮುಖಕ್ಕೆ ಹೊಗೆ ಬಿಡೂಕೆ ಪೂರ್ತಿ ಕಾಲು, ಅಲ್ಲಿ ಮಾತ್ರ ಅರ್ಧ ಕಾಲಾ? ಮುರ್ದು ಬೀಳ್ಲಿ ಅದು, ಕೊಳ್ತು ಹುಳ ಬೀಳ್ಲಿ!"

ಆ ಬೈಗುಳ ನನಗೆ ಬೇಕಾಗಿತ್ತು. ಬೊಮ್ಮಯ್ಯನೂ ಬೈದಿದ್ದರೆ ಚೆನ್ನಾಗಿತ್ತು. ಅವನು ಉಸಿರು ಎಳೆದೆಳೆದು ಕೇಳಿದ್ದು ಬೇರೆಯೇ.

"ಮುಂದಿನ ತಪಾಸಣೆ ಯಾವಾಗ ಅದೆ?"

"ನಾಡ್ದು ಸೋಮಾರ."

"ಪೂರ್ತಿ ಒತ್ತು."

"ನನ್ನ ಕೆಲ್ಸ ಹೋಗ್ತದೆ, ಬೊಮ್ಮಣ್ಣ."

"ನಂದು ಜೀವನೇ ಹೋಗ್ತದೆ, ಮಾರಾಯ."

ಸೋಮವಾರ ಅಂಕೋಲೆಯ ಹೆದ್ದಾರಿ ಬದಿಯ ತಪಾಸಣೆ ಕೇಂದ್ರದಲ್ಲಿ ಕ್ರೇನು ನಿಲ್ಲಿಸಿದೆ. ಶೇಟರು ಕಿಟಕಿಯ ಹತ್ತಿರ ಬಂದರು.

"ಮಾಸ್ತಿ, ಮಷಿನ್ನಲ್ಲಿ ಹೊಗೆ ಅಂಕೆ ಅರವತ್ತೈದು ದಾಟಿದ್ರೆ ಫೇಲು. ನಿನ್ನ ಕಾಲಿನ ಮೇಲೆ ನಂಗೆ ನಂಬ್ಕೆ ಅದೆ."

"ಹೌದು ಶೇಟ್ರೆ," ಎಂದೆ. ಹದಿನೆಂಟು ವರ್ಷದ ರೂಢಿ, ನಾಲಿಗೆ ತಾನೇ ಹೇಳಿಬಿಟ್ಟಿತು. ಅವರು ಅತ್ತ ಸರಿದ ಮೇಲೆ ಎರಡೂ ಬಾಗಿಲಿಗೆ ಒಳಗಿನಿಂದ ಲಾಕ್ ಹಾಕಿಕೊಂಡೆ.

ರೋಷನ ಎಂದಿನಂತೆ ನಳಿಗೆಯನ್ನು ಕೊಳವೆಯಿಂದ ಒಂದು ಗೇಣು ಆಚೆ ಹಿಡಿದು ನಿಂತ. ಅದರ ಕ್ಲಿಪ್ಪು ಮುರಿದು ವರ್ಷಗಳಾಗಿದ್ದವು. ಯಾರಾದರೂ ಕೈಯಲ್ಲಿ ಹಿಡಿಯಲೇಬೇಕು. ಅಷ್ಟರಲ್ಲಿ ಚಹಾದಂಗಡಿಯ ಮರೆಯಿಂದ ಬೊಮ್ಮಯ್ಯ ಬಂದ. ಓಡುವ ಶಕ್ತಿ ಇಲ್ಲ, ಕ್ರೇನಿನ ಮೈ ಹಿಡಿದುಕೊಂಡು ನಡೆದು ಬಂದ. ರೋಷನನ ಕೈಯಿಂದ ನಳಿಗೆ ಕಿತ್ತು, ಕೊಳವೆಯೊಳಗೆ ತುರುಕಿ, ಎಡಗೈಯಲ್ಲಿ ಅದುಮಿ ಹಿಡಿದ. ಬಲಗೈ ಎತ್ತಿ ಬೆರಳು ಸುತ್ತಿಸಿದ.

ನಾನು ಒತ್ತಿದೆ. ಪೂರ್ತಿ, ತಳ ಮುಟ್ಟುವಷ್ಟು.

"ಎಂಬತ್ತೆಂಟು!" ರೋಷನ ಪರದೆ ನೋಡಿ ಕಿರುಚಿದ.

"ಕಾಲು ತೆಗಿಯೋ, ಹಲ್ಕಟ್!" ಶೇಟರು ಬಾಗಿಲಿಗೆ ಗುದ್ದತೊಡಗಿದರು. "ತೆಗಿಯೋ ರಂಡೆಮಗನೆ! ನಾಳಿಂದ ಈ ಹೆದ್ದಾರಿಲಿ ನಿಂಗೆ ಸ್ಟೇರಿಂಗ್ ಮುಟ್ಟೂಕೆ ಬಿಡೂದಿಲ್ಲ! ರೋಷನಾ, ಮಷಿನ್ ಬಂದ್ ಮಾಡೋ!"

"ನಡುವೆ ಬಂದ್ ಮಾಡಿದ್ರೆ ಬೆಂಗ್ಳೂರಿನ ಕಂಪ್ಯೂಟರಿಗೆ ಗೊತ್ತಾಗ್ತದೆ ಶೇಟ್ರೆ. ನನ್ನ ಕೇಂದ್ರನೇ ಮುಚ್ಚಿ ಹಾಕ್ತಾರೆ!"

ಬೆರಳು ಸುತ್ತಿತು. ಎರಡನೇ ಸಲ ಒತ್ತಿದೆ. ತೊಂಬತ್ತೊಂದು. ಚಹಾ ಕುಡಿಯುತ್ತಿದ್ದವರು ಲೋಟ ಬಿಟ್ಟು ರಸ್ತೆಯಾಚೆ ಓಡಿದರು. ಶೇಟರೂ ಕೆಮ್ಮುತ್ತ ಹಿಂದೆ ಸರಿದರು. ಬೊಮ್ಮಯ್ಯ ಮಾತ್ರ ಹದಿನೆಂಟು ವರ್ಷ ನಿಂತ ಜಾಗದಲ್ಲೇ ನಿಂತಿದ್ದ.

ಮೂರನೇ ಸಲ ಒತ್ತಿದೆ. ಇನ್ನು ಒಂದು ಬಾಕಿ. ನಾಲ್ಕು ಆಗದೆ ಯಂತ್ರ ಚೀಟಿ ಕೊಡುವುದಿಲ್ಲ.

ಕನ್ನಡಿ ತುಂಬ ಹೊಗೆ. ಬೊಮ್ಮಯ್ಯನ ಮುಖ ಕಾಣಲಿಲ್ಲ, ಎದೆ ಕಾಣಲಿಲ್ಲ. ಕೈ ಮಾತ್ರ ಕಂಡಿತು. ಮೊದಲು ತಲೆಯ ಮೇಲಿದ್ದದ್ದು ಈಗ ಚಕ್ರದ ಮಟ್ಟಕ್ಕೆ ಇಳಿದಿತ್ತು. ಅವನು ಕುಸಿದಿದ್ದ.

ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ. "ಸಾಕು ಬೊಮ್ಮಣ್ಣ! ಮುಷ್ಟಿ ಕಟ್ಟು! ನಿನ್ನ ಕಾಲಿಗೆ ಬೀಳ್ತೆ, ಮುಷ್ಟಿ ಕಟ್ಟು!"

ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ಕೇಳಿತೋ ಇಲ್ಲವೋ. ಕೈ ಅಲ್ಲೇ ನಿಂತಿತು.

ಬೆರಳು ಸುತ್ತಿತು.

ನಾನು ಒತ್ತಿದೆ.